ಕೊನೆಯ 300 ಅಡಿ

ನಮ್ಮ ಮನೆಗೆ ಬರುವ ದಾರಿಯಲ್ಲಿ ಕೊನೆಯ 300 ಅಡಿ ಬರೀ ಇಳಿಜಾರು. ಮೇಲೆ ಡಾಮರು ರಸ್ತೆ, ಕೆಳಗೆ ತೋಟ, ತೋಟದ ತಲೆಯಲ್ಲಿ ಮನೆ. ಪೈವಳಿಕೆ, ಬಾಯಾರು ಕಡೆಯವರಿಗೆ ಇದನ್ನು ವಿವರಿಸಿ ಹೇಳಬೇಕೆಂದಿಲ್ಲ. ನಮ್ಮಲ್ಲಿ ಎಷ್ಟೋ ಮನೆಗಳು ಇರುವುದೇ ಹೀಗೆ. ನೀರು ಇರುವಲ್ಲಿ ಅಡಿಕೆ, ಅಡಿಕೆ ಇರುವಲ್ಲಿ ಮನೆ. ಹಿರಿಯರು ಜಾಗ ಹುಡುಕುವಾಗ ನೀರು ನೋಡಿದರೇ ಹೊರತು ಗಾಡಿ ನೋಡಲಿಲ್ಲ. ಅವರ ಕಾಲದಲ್ಲಿ ಅದೇ ಸರಿ.

ಬೇಸಗೆಯಲ್ಲಿ ಆ ದಾರಿಯಲ್ಲಿ ಆಟೋ ಕೂಡ ಇಳಿದು ಹತ್ತುತ್ತದೆ. ಮಳೆ ಹಿಡಿದ ಮೇಲೆ ಕತೆಯೇ ಬೇರೆ. ಮುರಕಲ್ಲಿನ ಮೇಲೆ ಹಾವಸೆ, ಹಾವಸೆಯ ಮೇಲೆ ಗುಡ್ಡೆಯಿಂದ ಇಳಿದು ಬಂದ ಕೆಂಪು ಕೆಸರು. ಒಮ್ಮೆ ಮೇಸ್ತ್ರಿಯೊಬ್ಬರ ನೀರಿನ ಟ್ಯೂಬು ಹಿಡಿದು ಅಳತೆ ಮಾಡಿಸಿದೆ. ಕಡಿದಾದ ಭಾಗದಲ್ಲಿ 100 ಅಡಿ ಉದ್ದಕ್ಕೆ 22 ಅಡಿ ಏರು. ಶಾಲೆಯ ಮಕ್ಕಳಿಗೆ ಲೆಕ್ಕ ಹೇಳುವವನು ನಾನು. ಆದರೆ ಆ ಲೆಕ್ಕದ ಅರ್ಥ ನನಗೆ ತಿಳಿದದ್ದು ಅಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ.

2022ರಲ್ಲಿ ಅಮ್ಮನ ಎರಡೂ ಕಿಡ್ನಿ ಸೋತವು. ವಾರಕ್ಕೆ ಎರಡು ಸಲ, ಒಂದೊಂದು ಸಲಕ್ಕೂ ನಾಲ್ಕು ಗಂಟೆ. ಇಲ್ಲಿಂದ ಉಪ್ಪಳಕ್ಕೆ ಬಂದು ಹೆದ್ದಾರಿ ಹಿಡಿದು, ತಲಪಾಡಿ ದಾಟಿ ಮಂಗಳೂರಿಗೆ ಸುಮಾರು 40 ಕಿಲೋಮೀಟರ್. ಬೆಳಿಗ್ಗೆ ಐದೂವರೆಗೆ ಹೊರಟರೆ ಏಳೂವರೆಯ ಪಾಳಿ ಸಿಗುತ್ತದೆ. ಹಿಂದೆ ಬರುವಾಗ ಅಮ್ಮನ ರಕ್ತದೊತ್ತಡ ಇಳಿದಿರುತ್ತದೆ, ಕಾಲು ಸೆಳೆಯುತ್ತದೆ, ಕೂತಲ್ಲಿಯೇ ಒರಗುತ್ತಾರೆ. ಆಗ ನಮ್ಮಲ್ಲಿದ್ದದ್ದು ಸಣ್ಣ ಕಾರು, ಮುಂದಿನ ಎರಡು ಚಕ್ರ ಎಳೆಯುವಂಥದ್ದು. ಮಳೆಗಾಲದಲ್ಲಿ ಅದು ಮೇಲೆ ರಸ್ತೆಯ ಬದಿಯಲ್ಲೇ ನಿಲ್ಲುವುದು. ಅಮ್ಮನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾನೊಂದು ಕಡೆ, ನೆರೆಮನೆಯ ಹುಡುಗನೊಂದು ಕಡೆ ಹಿಡಿದು ಹೊತ್ತುಕೊಂಡು ಹತ್ತುವುದು; ಹೆಂಡತಿ ಹಿಂದಿನಿಂದ ಕೊಡೆ ಹಿಡಿಯುವುದು. ಕಾಲು ಜಾರಿದರೆ ಮೂವರೂ ಕೆಳಗೆ.

ನೆಂಟರು ಒಂದು ಉಪಾಯ ಹೇಳಿದರು. ಮಂಗಳೂರಿನಲ್ಲಿ ಬಾಡಿಗೆಗೆ ಮನೆ ಮಾಡಿ ಅಮ್ಮನನ್ನು ಅಲ್ಲಿಯೇ ಇರಿಸುವುದು. ಸುಲಭದ ದಾರಿ ಅದೇ ಆಗಿತ್ತು. ಅಮ್ಮ ಮಾತ್ರ, "ಅಲ್ಲಿ ನಾನು ಗೋಡೆ ನೋಡ್ತಾ ಕೂತ್ಕೊಳ್ಳುದಾ? ಇರುವಷ್ಟು ದಿನ ನನ್ನ ಅಂಗಳ ನೋಡ್ತಾ ಇರ್ತೇನೆ" ಎಂದರು. ಹಾಗಾಗಿ ಗಾಡಿಯ ಪ್ರಶ್ನೆ ನಮಗೆ ಶೋಕಿಯ ಪ್ರಶ್ನೆ ಆಗಿರಲಿಲ್ಲ. ಅಮ್ಮ ಈ ಮನೆಯಲ್ಲಿ ಇರಬಹುದೋ ಇಲ್ಲವೋ ಎನ್ನುವುದನ್ನು ಆ 300 ಅಡಿ ತೀರ್ಮಾನ ಮಾಡುತ್ತಿತ್ತು.

"ಒಂದು ಜೀಪು ತೆಗೊಳ್ಳಿ ಮಾಷ್ಟ್ರೇ, ಮುಗೀತಲ್ಲ" ಎಂದು ಎಲ್ಲರೂ ಹೇಳಿದರು. ಜೀಪಿನ ವಿಷಯದಲ್ಲಿ ನನ್ನ ಮೊದಲ ಗುರು ನಮ್ಮೂರಲ್ಲಿ ಹಲವು ವರ್ಷ ಸರ್ವಿಸ್ ಜೀಪು ಓಡಿಸಿದ ಡ್ರೈವರಣ್ಣ. ಅವರು ನಕ್ಕು, "ನನ್ನ ಜೀಪಿಗೆ ನಾಲ್ಕು ಚಕ್ರ ಎಳೆಯುದು ಅಂತ ನಿಮಗೆ ಯಾರು ಹೇಳಿದ್ದು? ಹಿಂದಿನದ್ದು ಎರಡೇ" ಎಂದರು. ಆ ಮಾತು ನಿಜ. ಸರ್ವಿಸಿಗೆ ಓಡಿದ ಜೀಪುಗಳಲ್ಲಿ ಹಿಂದಿನ ಎರಡೇ ಚಕ್ರ ಎಳೆಯುವವು ಬಹಳ. ಮತ್ತೆ ಅಂಥ ಏರು ಹೇಗೆ ಹತ್ತುತ್ತಿತ್ತು ಎಂದರೆ, ಜನರ ಭಾರದಿಂದ. ಹಿಂದೆ ಹತ್ತು ಜನ ಕೂತಾಗ ಎಳೆಯುವ ಚಕ್ರವೇ ನೆಲಕ್ಕೆ ಒತ್ತಿ ಹಿಡಿಯುತ್ತದೆ. ಖಾಲಿ ಜೀಪು ಮಳೆಯಲ್ಲಿ ಅದೇ ಏರಿನಲ್ಲಿ ಬಾಲ ಆಡಿಸುತ್ತದೆ.

ನಮ್ಮ ಸಣ್ಣ ಕಾರಿನ ತೊಂದರೆಗೂ ಇದೇ ಕಾರಣ, ತಿರುವು ಮುರುವಾಗಿ. ಏರಿನಲ್ಲಿ ಭಾರ ಹಿಂದಕ್ಕೆ ಹೋಗುತ್ತದೆ, ಮುಂದಿನ ಚಕ್ರ ಹಗುರವಾಗುತ್ತದೆ. ಎಳೆಯುವುದು ಅದೇ ಹಗುರವಾದ ಚಕ್ರ. ಅದರ ಮೇಲೆ ಡಿಫರೆನ್ಷಿಯಲಿನ ಗುಣ ಬೇರೆ. ತಿರುವಿನಲ್ಲಿ ಹೊರಗಿನ ಚಕ್ರ ಹೆಚ್ಚು ದೂರ, ಒಳಗಿನದ್ದು ಕಡಿಮೆ ದೂರ ಓಡಬೇಕಲ್ಲ, ಅದಕ್ಕಾಗಿ ಎರಡನ್ನೂ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಹಲ್ಲುಚಕ್ರಗಳ ಗುಂಡು ಅದು. ಡಾಮರಿನಲ್ಲಿ ಬಹಳ ಉಪಕಾರಿ. ಆದರೆ ಒಂದು ಚಕ್ರ ಹಾವಸೆಯ ಮೇಲೆ, ಇನ್ನೊಂದು ಗಟ್ಟಿ ಕಲ್ಲಿನ ಮೇಲೆ ಇದ್ದರೆ, ಹಾವಸೆಯ ಚಕ್ರ ಸುಮ್ಮನೆ ಗಿರ್ರೆಂದು ತಿರುಗುತ್ತದೆ, ಕಲ್ಲಿನ ಮೇಲಿನದ್ದು ಸುಮ್ಮನಿರುತ್ತದೆ. ಎಂಜಿನಿನಲ್ಲಿ ಎಷ್ಟು ಶಕ್ತಿ ಇದ್ದರೂ ಅಲ್ಲಿ ಪ್ರಯೋಜನ ಇಲ್ಲ.

ಇಂಥಲ್ಲಿ ನಾಲ್ಕೂ ಚಕ್ರ ಎಳೆಯುವ ಗಾಡಿ ಬೇಕು. ಅದರಲ್ಲಿಯೂ ಎರಡು ಜಾತಿ ಉಂಟು. ಒಂದು, ಥಾರ್, ಜಿಮ್ನಿಯಂಥ ಜೀಪಿನ ಜಾತಿ. ಲಿವರ್ ಹಾಕಿದರೆ ಮುಂದಿನ ಮತ್ತು ಹಿಂದಿನ ಆಕ್ಸಲು ಒಂದಕ್ಕೊಂದು ಗಟ್ಟಿಯಾಗಿ ಸೇರಿಕೊಳ್ಳುತ್ತವೆ. ಇನ್ನೂ ಕೆಳಗೆ ಒಂದು ಲೋ ಗೇರ್ ಸಾಲು ಇರುತ್ತದೆ, ಅದರಲ್ಲಿ ಆಮೆಯಂತೆ ಹತ್ತಬಹುದು, ಆಮೆಯಂತೆ ಇಳಿಯಬಹುದು. ಆದರೆ ಒಣಗಿದ ಡಾಮರಿನಲ್ಲಿ ನಾಲ್ಕು ಚಕ್ರ ಹಾಕಿಕೊಂಡು ಓಡಿಸಬಾರದು. ತಿರುವಿನಲ್ಲಿ ಸ್ಟೇರಿಂಗ್ ಬಿಗಿಯುತ್ತದೆ, ಹಲ್ಲುಗಳಿಗೆ ಪೆಟ್ಟು. ಇನ್ನೊಂದು, ಆಲ್ ವೀಲ್ ಡ್ರೈವ್ ಎನ್ನುವ ಕಾರಿನ ಜಾತಿ. ಸಾಧಾರಣ ಓಟದಲ್ಲಿ ಮುಂದಿನ ಚಕ್ರ ಎಳೆಯುತ್ತದೆ. ಮುಂದಿನದ್ದು ಜಾರಿದ್ದು ತಿಳಿದ ಕೂಡಲೇ ಒಂದು ಕ್ಲಚ್ ಹಿಡಿದು ಹಿಂದಿನ ಚಕ್ರಕ್ಕೂ ಶಕ್ತಿ ಕಳಿಸುತ್ತದೆ. ಡ್ರೈವರಿಗೆ ಹೆಚ್ಚು ಕೆಲಸ ಇಲ್ಲ. ಲೋ ಗೇರ್ ಸಾಲು ಇದರಲ್ಲಿ ಸಾಧಾರಣವಾಗಿ ಇರುವುದಿಲ್ಲ, ಕೆಸರಿನಲ್ಲಿ ತುಂಬ ಹೊತ್ತು ಒದ್ದಾಡಿಸಿದರೆ ಆ ಕ್ಲಚ್ ಬಿಸಿಯಾಗುತ್ತದೆ.

ಬೊಲೆರೋದವರು, ಟ್ರಾಕ್ಟರಿನವರು ಎಲ್ಲರೂ ನನಗೆ ಮೊದಲ ಜಾತಿಯನ್ನೇ ಹೇಳಿದರು. ಅಕ್ಕನ ಮಗ ತನ್ನ ಥಾರ್ ತಂದು, ಜಡಿಮಳೆಯಲ್ಲಿ ನಮ್ಮ ದಾರಿ ಇಳಿಸಿ ಹತ್ತಿಸಿ ತೋರಿಸಿದ. ನೋಡಲಿಕ್ಕೆ ಚಂದ, ಒಂದು ಕಡೆಯೂ ಜಾರಲಿಲ್ಲ. ಆಮೇಲೆ ಅಮ್ಮನನ್ನು ಕರೆದೆವು. ಅಮ್ಮ ಬಾಗಿಲು ಹಿಡಿದು ಒಂದು ಕಾಲು ಎತ್ತಿದರು, ಕೆಳಗಿಟ್ಟರು. "ಎಂತದು ಮಗಾ, ಇದಕ್ಕೆ ಹತ್ಲಿಕ್ಕೆ ಏಣಿ ಬೇಕಲ್ಲ!" ಅದು ಎರಡು ಬಾಗಿಲಿನ ಥಾರ್, ಹಿಂದಿನ ಸೀಟಿಗೆ ಮುಂದಿನ ಸೀಟು ಮಡಚಿಯೇ ಹೋಗಬೇಕು. ಎಪ್ಪತ್ತೆಂಟು ದಾಟಿದವರಿಗೆ, ಅದೂ ಡಯಾಲಿಸಿಸ್ ಮುಗಿಸಿ ಬಂದವರಿಗೆ ಆಗುವ ಕೆಲಸವಲ್ಲ.

ಅಲ್ಲಿಂದ ಮೇಲೆ ನಾವು ಗಾಡಿ ನೋಡುವ ಕ್ರಮವೇ ಬದಲಾಯಿತು. ಅಮ್ಮ ಯಾರ ಕೈಯೂ ಹಿಡಿಯದೆ ಏಳುವುದು ತಮ್ಮ ಮಂಚದಿಂದ ಮಾತ್ರ. ಆ ಮಂಚದ ಎತ್ತರಕ್ಕೆ ಒಂದು ಅಡಿಕೆ ಸಲಾಕೆ ಕಡಿದು, ಅದನ್ನೇ ಹಿಡಿದುಕೊಂಡು ಹೋಗಿ ಗಾಡಿಯ ಸೀಟಿಗೆ ತಾಗಿಸಿ ನೋಡುವುದು. ಷೋರೂಮಿನ ಹುಡುಗರು ಮುಖ ಮುಖ ನೋಡಿಕೊಂಡರು. ಜಿಮ್ನಿ 2023ರ ಜೂನಿನಲ್ಲಿ ಆಗಷ್ಟೇ ಐದು ಬಾಗಿಲಿನದ್ದು ಬಂದಿತ್ತು. ಲೋ ಗೇರ್ ಉಂಟು, ನೆಲದಿಂದ 210 ಮಿಲಿಮೀಟರ್ ಎತ್ತರ ಉಂಟು, ನಮ್ಮ ದಾರಿಗೆ ಹೇಳಿ ಮಾಡಿಸಿದ ಹಾಗೆ. ಆದರೆ ಕೂರುವವರು ನಾಲ್ಕೇ ಜನ; ಹಿಂದೆ ಅಮ್ಮ ಕಾಲು ನೀಡಿ ಒರಗುವಷ್ಟು ಅಗಲ ಇಲ್ಲ. ನಮ್ಮ ಪ್ರಯಾಣ ಕೂಡಿಸಿ ನೋಡಿದರೆ 40 ಕಿಲೋಮೀಟರ್ ಡಾಮರು, 300 ಅಡಿ ಕೆಸರು. ಅಮ್ಮನ ಬೆನ್ನಿಗೆ ಡಾಮರು ಮುಖ್ಯ, ಗಾಡಿಯ ಚಕ್ರಕ್ಕೆ ಕೆಸರು ಮುಖ್ಯ. ಎರಡಕ್ಕೂ ಆಗುವಂಥದ್ದು ಬೇಕು.

ಇನ್ನೊಂದು ಮಾತನ್ನು ಹೆಂಡತಿ ಎತ್ತಿದಳು. "ನಿಮಗೆ ಶಾಲೆ ಇರುವ ದಿನ ಅತ್ತೆಯನ್ನು ಕರ್ಕೊಂಡು ಹೋಗುದು ಯಾರು? ನಾನೇ ಅಲ್ವಾ? ಹಾಗಾದ್ರೆ ನನ್ನ ಕಾಲಿಗೆ ಕ್ಲಚ್ ಸಿಗುವ ಗಾಡಿ ಆಗ್ಬೇಕು. ನಿಮ್ಮ ಅಕ್ಕನ ಮಗನಿಗೆ ಲಾಯ್ಕಾಗುವ ಗಾಡಿ ಅಲ್ಲ." ಅದಕ್ಕೆ ಎದುರು ಮಾತಾಡಲಿಕ್ಕೆ ನನ್ನಲ್ಲಿ ಏನೂ ಇರಲಿಲ್ಲ.

ಹಾಗೆ ಕಾರಿನ ಜಾತಿಗೆ ಬಂದೆವು. ಹೊಸತರಲ್ಲಿ ಗ್ರ್ಯಾಂಡ್ ವಿಟಾರದ ಆಲ್ ವೀಲ್ ಡ್ರೈವ್ ಚೆನ್ನಾಗಿಯೇ ಕಂಡಿತು, ಆದರೆ ಅಡಿಕೆ ಮಾರಿದ ಹಣ ಅಲ್ಲಿವರೆಗೆ ಮುಟ್ಟಲಿಲ್ಲ. ಕಡೆಗೆ ಮಂಗಳೂರಿನಲ್ಲಿ ಒಂದು ಹಳೆಯ ಡಸ್ಟರ್ ಸಿಕ್ಕಿತು, ಡೀಸೆಲ್, ನಾಲ್ಕೂ ಚಕ್ರ ಎಳೆಯುವಂಥದ್ದು. ಈ ಬಗೆಯ ಡಸ್ಟರ್ ನಮ್ಮ ದೇಶಕ್ಕೆ ಬಂದದ್ದು 2014ರಲ್ಲಿ. ಲೋ ಗೇರ್ ಸಾಲು ಇಲ್ಲ, ಅದರ ಬದಲು ಆರು ಗೇರಿನಲ್ಲಿ ಮೊದಲನೆಯದ್ದನ್ನು ಬಹಳ ಗಿಡ್ಡ ಇಟ್ಟಿದ್ದಾರೆ. ಮನುಷ್ಯ ಬೇಗ ನಡೆದಷ್ಟೇ ವೇಗದಲ್ಲಿ ಏರು ಹತ್ತುತ್ತದೆ. ಒಂದು ಗುಂಡಿ ತಿರುಗಿಸಿದರೆ ಮುಂದಿನ ಎರಡು ಚಕ್ರ, ಆಟೋ, ಲಾಕ್ ಎಂದು ಮೂರು ಬಗೆ. ಇಳಿಜಾರಿಗೆ ಲಾಕ್, ಹೆದ್ದಾರಿಗೆ ಆಟೋ. ಸೀಟು ನಮ್ಮ ಸಲಾಕೆಗಿಂತ ನಾಲ್ಕು ಬೆರಳು ಎತ್ತರ. ಅಮ್ಮ ಮೊದಲು ಬೆನ್ನು ಕೊಟ್ಟು ಕೂತು, ಆಮೇಲೆ ಕಾಲು ಎರಡನ್ನೂ ಒಳಗೆ ತೆಗೆದುಕೊಂಡರು. "ಇದು ಆದೀತು" ಎಂದರು. ವ್ಯಾಪಾರ ಅಲ್ಲಿಗೆ ಮುಗಿಯಿತು.

ಹಳೆಯ ಗಾಡಿ ತೆಗೆದುಕೊಳ್ಳುವವರಿಗೆ ನಾಲ್ಕು ಮಾತು ಹೇಳುತ್ತೇನೆ. ಗಾಡಿಯ ಎತ್ತರ ನೋಡಿ, ಅಂಗಡಿಯವರ ಬಾಯಿ ಮಾತು ಕೇಳಿ ನಾಲ್ಕು ಚಕ್ರ ಎಳೆಯುತ್ತದೆ ಎಂದು ನಂಬಬೇಡಿ. ಇವತ್ತು ರಸ್ತೆಯಲ್ಲಿ ಕಾಣುವ ಎತ್ತರದ ಕಾರುಗಳಲ್ಲಿ ಹೆಚ್ಚಿನವು ಎರಡೇ ಚಕ್ರ ಎಳೆಯುವವು. ಬಗ್ಗಿ ಅಡಿ ನೋಡಿ. ಕಾರಿನ ಜಾತಿಯಾದರೆ ಮುಂದಿನಿಂದ ಹಿಂದಕ್ಕೆ ಹೋಗುವ ಉದ್ದದ ಶಾಫ್ಟು, ಹಿಂದೆ ಡಿಫರೆನ್ಷಿಯಲಿನ ಗುಂಡು ಇರಲೇಬೇಕು. ಜೀಪಿನ ಜಾತಿಯಾದರೆ ಅಂಥದ್ದೇ ಗುಂಡು ಮುಂದಿನ ಆಕ್ಸಲಿನಲ್ಲಿಯೂ ಇರಬೇಕು. ಎರಡನೆಯದು, ನಾಲ್ಕೂ ಟಯರು ಒಂದೇ ಅಳತೆ, ಒಂದೇ ಸವೆತ ಇರಲಿ. ಎರಡು ಹೊಸತು, ಎರಡು ಬೋಳು ಆದರೆ ನಡುವಿನ ಕ್ಲಚ್ ಸುಮ್ಮನೆ ಸವೆಯುತ್ತದೆ. ಮೂರನೆಯದು, ಆ ಕಂಪೆನಿಯ ಬಿಡಿಭಾಗ ಹತ್ತಿರದಲ್ಲಿ ಎಲ್ಲಿ ಸಿಗುತ್ತದೆ ಎಂದು ಮೊದಲೇ ಕೇಳಿ. ಡಸ್ಟರ್ ಇಲ್ಲಿ 2022ಕ್ಕೆ ನಿಂತುಹೋಗಿತ್ತು, ಹಾಗಾಗಿ ನಾವು ಮೆಕ್ಯಾನಿಕನನ್ನು ಗೊತ್ತು ಮಾಡಿದ ಮೇಲೆಯೇ ಮುಂಗಡ ಕೊಟ್ಟದ್ದು. ನಾಲ್ಕನೆಯದು ನಮ್ಮ ಗಡಿಯವರಿಗೆ ಮಾತ್ರ. ಕೆಎ 19ರ ಗಾಡಿ ಅಗ್ಗದಲ್ಲಿ ಸಿಕ್ಕಿತು ಎಂದು ಸಂತೋಷ ಪಡುವ ಮೊದಲು, ಅಲ್ಲಿಂದ ಎನ್‌ಒಸಿ ತಂದು ಇಲ್ಲಿ ತೆರಿಗೆ ಕಟ್ಟಿ ಕೆಎಲ್ 14 ಮಾಡಿಸುವ ಖರ್ಚನ್ನೂ ಕೂಡಿಸಿ ಲೆಕ್ಕ ಹಾಕಿ.

ನಾಲ್ಕು ಚಕ್ರ ಎಳೆದರೆ ಎಲ್ಲವೂ ಆಯಿತು ಎಂದಲ್ಲ. ಬ್ರೇಕು ಎಲ್ಲ ಕಾರಿಗೂ ನಾಲ್ಕು ಚಕ್ರಕ್ಕೇ ಇರುವುದು. ಎಳೆಯುವ ಚಕ್ರ ಎರಡರಿಂದ ನಾಲ್ಕಾದರೆ ಹತ್ತಲಿಕ್ಕೆ ಬಲ ಬರುತ್ತದೆ; ಹಾವಸೆಯ ಮೇಲೆ ನಿಲ್ಲಲಿಕ್ಕೆ ಅದರಿಂದ ಏನೂ ಬರುವುದಿಲ್ಲ. ಅದಕ್ಕೆ ಟಯರು ಬೇಕು, ಮೊದಲ ಗೇರು ಬೇಕು, ತಾಳ್ಮೆ ಬೇಕು. ಹತ್ತುವ ಗಾಡಿಗೆ ಧೈರ್ಯ ಬಂದು ಇಳಿಯುವಾಗ ಬರೆಗೆ ಗುದ್ದಿದವರನ್ನು ಕಂಡಿದ್ದೇನೆ. ಹಾಗೆಯೇ ತುಂಬಿ ಹರಿಯುವ ತೋಡು. ನೀರಿನ ಸೆಳೆತ ಗಾಡಿಯನ್ನು ಎತ್ತಿ ತೇಲಿಸಿದ ಮೇಲೆ ಚಕ್ರ ಎರಡು ತಿರುಗಿದರೂ ಒಂದೇ, ನಾಲ್ಕು ತಿರುಗಿದರೂ ಒಂದೇ.

ಇದನ್ನು ನನ್ನ ಹೆಂಡತಿ ನನಗಿಂತ ಚೆನ್ನಾಗಿ ತಿಳಿದುಕೊಂಡಿದ್ದಾಳೆ. ಹೋದ ವರ್ಷ ಆಟಿಯ ಒಂದು ರಾತ್ರಿ ನಾನು ಊರಲ್ಲಿರಲಿಲ್ಲ. ತೋಡಿನ ಆಚೆಯ ಮನೆಯ ಸೊಸೆಗೆ ಹೆರಿಗೆ ನೋವು ಬಂತು. ಹುಡುಗರು ಓಡಿಬಂದು, "ಅಕ್ಕಾ, ನಿಮ್ಮದು ನಾಲ್ಕು ಚಕ್ರದ್ದಲ್ವಾ, ತೋಡು ದಾಟಿಸಿ ಬನ್ನಿ" ಎಂದರಂತೆ. ಅವಳು ಟಾರ್ಚು ಹಾಕಿ ನೀರು ನೋಡಿ, "ಗಾಡಿ ಇಲ್ಲಿಯೇ ಇರ್ತದೆ. ನೀವು ಅವಳನ್ನು ಸಂಕದಲ್ಲಿ ಕರ್ಕೊಂಡು ಬನ್ನಿ" ಎಂದಳು. ಅಡಿಕೆ ಮರದ ಸಂಕದ ಮೇಲೆ ನಾಲ್ಕು ಜನ ಹಿಡಿದು ನಡೆಸಿಕೊಂಡು ಬಂದರು. ಅಲ್ಲಿಂದ ಲಾಕ್ ಹಾಕಿ, ಮೊದಲ ಗೇರಿನಲ್ಲಿ ಒಂದೂ ಸಲ ನಿಲ್ಲಿಸದೆ ಏರು ಹತ್ತಿಸಿದಳು. ಮಗು ಹುಟ್ಟಿದ್ದು ಆಸ್ಪತ್ರೆಯಲ್ಲಿಯೇ, ಹೆಣ್ಣು. ಮರುದಿನ ಡ್ರೈವರಣ್ಣ ಮನೆಗೆ ಬಂದು ಚಹಾ ಕುಡಿಯುತ್ತಾ, "ಮಾಷ್ಟ್ರೇ, ದಾಟಿಸದೆ ನಿಲ್ಲಿಸಿದ್ದು ಉಂಟಲ್ಲ, ಅದು ಡ್ರೈವಿಂಗ್" ಎಂದರು.

ಅಮ್ಮನಿಗೆ ಈಗಲೂ ವಾರಕ್ಕೆ ಎರಡು ಸಲ ಮಂಗಳೂರು. ಮಳೆಗಾಲದಲ್ಲಿ ಕುರ್ಚಿ ಹೊರುವ ಕೆಲಸ ನಿಂತಿದೆ. ಆದರೂ ವಾರಕ್ಕೊಮ್ಮೆ ಕಡ್ಡಿಹಿಡಿ, ಬ್ಲೀಚಿಂಗ್ ಪುಡಿ ಹಿಡಿದು ಚಕ್ರ ಹೋಗುವ ಎರಡು ಸಾಲಿನ ಹಾವಸೆ ಉಜ್ಜುತ್ತೇವೆ, ಗುಡ್ಡೆಯ ನೀರು ದಾರಿಗೆ ಬೀಳದ ಹಾಗೆ ಬದಿಯ ಕಣಿ ಬಿಡಿಸುತ್ತೇವೆ. ಆ ಕೆಲಸಕ್ಕೆ ಒಂದು ಹಾರೆ ಸಾಕು. ಗಾಡಿ ತೆಗೆದುಕೊಳ್ಳುವ ಮೊದಲು ಅದನ್ನು ಮಾಡಿ ನೋಡುವುದು ಎಲ್ಲರಿಗೂ ಒಳ್ಳೆಯದು. ಕೆಲವರಿಗೆ ಗಾಡಿಯ ಅಗತ್ಯವೇ ಬೀಳಲಿಕ್ಕಿಲ್ಲ.

ಈ ವರ್ಷ ದೀಪಾವಳಿ ಕಳೆದ ಮೇಲೆ ಈ ಬೈಲಿನ ಐದು ಮನೆಯವರು ಸೇರಿ ಕಡಿದಾದ ಭಾಗಕ್ಕೆ ಎರಡು ಸಾಲು ಕಾಂಕ್ರೀಟು ಹಾಕಬೇಕೆಂದು ಮಾತಾಡಿಕೊಂಡಿದ್ದೇವೆ. ನುಣುಪು ಮಾಡದೆ, ಟಯರು ಹಿಡಿಯುವ ಹಾಗೆ ಅಡ್ಡಡ್ಡ ಗೆರೆ ಎಳೆಯಲು ಮೇಸ್ತ್ರಿಯವರಿಗೆ ಹೇಳಿ ಆಗಿದೆ. ಅದು ಆದರೆ ಮಳೆಯಲ್ಲಿಯೂ ಆಟೋ ಇಳಿಯಬಹುದು, ತೋಡಿನ ಆಚೆಯವರು ನಮ್ಮ ಮನೆಯ ಬಾಗಿಲು ತಟ್ಟದೆಯೂ ಆಸ್ಪತ್ರೆಗೆ ಹೋಗಬಹುದು. ನಮ್ಮ ಗಾಡಿಗೆ ಆಗ ಕೆಲಸ ಕಡಿಮೆಯಾಗುತ್ತದೆ. ಆಗಲಿ.