ಆ ಮುಂಜಾನೆ ಕೊಟ್ಟ ಬಿ.ಪಿ. ಗುಳಿಗೆ

ನಮ್ಮ ಮನೆಯಲ್ಲಿ ಅತ್ತೆಯವರ ಬಿ.ಪಿ. ಗುಳಿಗೆಯ ಹೊಣೆ ನನ್ನದು. ಮುಂಜಾನೆ ಚಹಾ ಆದ ಮೇಲೆ ಒಂದು ಗುಳಿಗೆ, ಒಂದು ಲೋಟ ನೀರು. ಹದಿನಾಲ್ಕು ವರ್ಷದಲ್ಲಿ ಒಂದು ದಿನವೂ ತಪ್ಪಿಸಿಲ್ಲವೆಂದು ಒಳಗೊಳಗೇ ಹೆಮ್ಮೆ ಬೇರೆ.

2024ರ ಭಾರತ ಹುಣ್ಣಿಮೆಗೆ ಸವದತ್ತಿಯ ಯಲ್ಲಮ್ಮನ ಗುಡ್ಡಕ್ಕೆ ಹೋಗಿದ್ದೆವು. ರಾಮದುರ್ಗದಿಂದ ನಾದಿನಿಯೂ ಬಂದಿದ್ದಳು. ಜಾತ್ರೆಯಲ್ಲಿ ಹೆಂಗಸರ ಪಾಡು ನಿಮಗೆ ಗೊತ್ತೇ ಇದೆ. ಒಂದಕ್ಕೆ ಎಲ್ಲಿ ಹೋಗಬೇಕೆಂಬ ಚಿಂತೆಯಲ್ಲಿ ಅತ್ತೆ ನೀರೇ ಕುಡಿಯಲಿಲ್ಲ, ಬಂದದ್ದನ್ನೂ ತಡೆದುಕೊಂಡರು. ಬೈಲಹೊಂಗಲಕ್ಕೆ ಮರಳಿದ ಮೂರನೆಯ ದಿನ ಉರಿಮೂತ್ರ, ರಾತ್ರಿ ಗಡಗಡ ನಡುಗಿಸುವ ಚಳಿಜ್ವರ. ಬೆಳಗಾಗುವಾಗ ಮುಟ್ಟಿದರೆ ಕೈಕಾಲು ತಣ್ಣಗೆ. "ಜ್ವರಾ ಬಿಡ್ತವಾ" ಎಂದು ನಾದಿನಿ ದೇವರಿಗೆ ಕೈಮುಗಿದಳು. ಅತ್ತೆ ಮಾತ್ರ ಮಂಪರಿನಲ್ಲಿ, ತಲೆ ತಿರುಗುತ್ತದೆಂದು ತೊದಲುತ್ತಿದ್ದರು. ಬಿ.ಪಿ. ಏರಿರಬೇಕು ಎಂದುಕೊಂಡು ಎಬ್ಬಿಸಿ ಕೂಡಿಸಿ ಗುಳಿಗೆ ನುಂಗಿಸಿದೆ.

ಒಂದು ತಾಸಿನಲ್ಲಿ ಮಾತು ನಿಂತಿತು. ಆಗ ನೆನಪಾದಳು ಕಿತ್ತೂರಿನ ನನ್ನ ಅಜ್ಜಿ. ನಾನು ಸಾಲಿಗೆ ಹೋಗುವಾಗ ಆಕೆಗೂ ಹೀಗೆಯೇ ಜ್ವರ "ಬಿಟ್ಟಿತ್ತು", ಸಂಜೆಯೊಳಗೆ ಆಕೆ ಇರಲಿಲ್ಲ. ನಮ್ಮನೆಯವರನ್ನು ಅಂಗಡಿಯಿಂದ ಕರೆಸಿ ದವಾಖಾನೆಗೆ ಓಡಿದೆವು.

ಬಿ.ಪಿ. 80ಕ್ಕೆ 50! "ರಾತ್ರಿಯಿಂದ ಒಂದಕ್ಕ ಹೋಗ್ಯಾರೇನು? ಬಿ.ಪಿ. ಗುಳಿಗಿ ಇವತ್ತ ಕೊಟ್ಟೀರೇನು?" ಎಂದು ಡಾಕ್ಟರಬಾಯಿ ಕೇಳಿದರು. ನಾದಿನಿ ಮಗ್ಗುಲಲ್ಲೇ ನಿಂತಿದ್ದಳು. ಇಲ್ಲ ಅಂದುಬಿಡೋಣ ಎಂದು ನಾಲಿಗೆ ತುದಿಗೆ ಬಂದಿತ್ತು, ನಿಮ್ಮ ಮುಂದೆ ಯಾಕೆ ಮುಚ್ಚಿಡಲಿ. "ಕೊಟ್ಟೇನ್ರಿ, ಏಳಕ್ಕ" ಅಂದೆ. "ಹೇಳಿದ್ದು ಚಲೋ ಆತು" ಎಂದು ಆಕೆ ಕೆಲಸಕ್ಕೆ ತೊಡಗಿದರು. ರಕ್ತ ತೆಗೆದರು, ನಂಜಿಗೆ ಇಂಜೆಕ್ಷನ್ ಕೊಟ್ಟರು, ಸಲೈನ್ ಜೋರಾಗಿ ಬಿಟ್ಟರು. ತುಸು ಹೊತ್ತಿಗೆ ಕೈಯ ನರಕ್ಕೇ ನಾರ್‌ಅಡ್ರಿನಲಿನ್ ಎಂಬ ಇನ್ನೊಂದು ಔಷಧ. ಬಿ.ಪಿ. ಏರಿಸುವುದಂತೆ! ನನಗೆ ಗಾಬರಿ. "ಇಳಿಸಾಕ ಗುಳಿಗಿ ತಗೊಳ್ಳೋರಿಗೆ ಏರಿಸೂದ್ಯಾಕ್ರಿ?"

ನಂಜು ರಕ್ತಕ್ಕೇರಿದಾಗ ನಾಳಗಳು ಸಡಿಲಾಗುತ್ತವೆ, ಒಳಗಿನ ನೀರು ಹೊರಗೆ ಸೋರುತ್ತದೆ. ಮಿದುಳಿಗೆ, ಮೂತ್ರಪಿಂಡಕ್ಕೆ ರಕ್ತ ಸಾಲುವುದಿಲ್ಲ. ಬರೀ ಸಲೈನ್ ಸುರಿದರೆ ನಿಲ್ಲುವುದಿಲ್ಲ, ನಾಳ ಬಿಗಿಯಬೇಕು. ಪರಕರದ ಲಾಡಿ ಸಡಿಲಾದರೆ ನಿರಿಗೆ ಎಷ್ಟು ಸೇರಿಸಿದರೂ ಸೀರೆ ನಿಂತೀತೇ? ಹಾಗೆ ತಿಳಿದುಕೊಂಡೆ ನಾನು.

ಮೊದಲೆಲ್ಲ ಬಾಟಲಿ ಮೇಲೆ ಬಾಟಲಿ ಏರಿಸಿ, ದೊಡ್ಡ ಆಸ್ಪತ್ರೆಯಲ್ಲಿ ಕುತ್ತಿಗೆಯ ನರಕ್ಕೆ ನಳಿಕೆ ಹಾಕಿದ ಮೇಲೆಯೇ ಈ ಔಷಧ ಕೊಡುವ ರೂಢಿ ಇತ್ತಂತೆ. ನಳಿಕೆಗಾಗಿ ಕಾಯಬೇಡಿ, ಕೈಯ ನರದಲ್ಲೇ ಶುರುಮಾಡಿ, ಸರಾಸರಿ ಒತ್ತಡ 65ಕ್ಕೆ ತನ್ನಿ ಎಂದು 2021ರ ಅಂತರರಾಷ್ಟ್ರೀಯ ಸಲಹೆ ಹೇಳುತ್ತದೆ. ಥಾಯ್ಲೆಂಡಿನಲ್ಲಿ 310 ರೋಗಿಗಳ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಬೇಗ ಕೊಟ್ಟವರಲ್ಲಿ ನೂರಕ್ಕೆ 76 ಮಂದಿ ಆರು ತಾಸಿನೊಳಗೆ ಹತೋಟಿಗೆ ಬಂದರು, ಉಳಿದವರಲ್ಲಿ 48. ಆದರೆ 2023ರ ಅಮೆರಿಕದ ದೊಡ್ಡ ಪರೀಕ್ಷೆಯಲ್ಲಿ ಸಲೈನ್ ಹೆಚ್ಚು ಕೊಟ್ಟರೂ, ಈ ಔಷಧ ಬೇಗ ಕೊಟ್ಟರೂ ಸಾವಿನ ಲೆಕ್ಕ ಹೆಚ್ಚುಕಡಿಮೆ ಒಂದೇ. ನಂಜಿನ ಮದ್ದು ಮಾತ್ರ ಒಂದು ತಾಸಿನೊಳಗೆ ಬೀಳಲೇಬೇಕು.

108ರ ಗಾಡಿಯಲ್ಲಿ ಬೆಳಗಾವಿಗೆ ಕಳಿಸುವಾಗ ನನಗೊಂದು ಕೆಲಸ ಒಪ್ಪಿಸಿದರು: "ಸೂಜಿ ಸುತ್ತ ಬಿಳಿಚಿದ್ರ, ಬಾತ್ರ ಕೂಡಲೇ ಹೇಳ್ರಿ." ಔಷಧ ಹೊರಗೆ ಸೋರಿದರೆ ಚರ್ಮ ಸತ್ತುಹೋಗುತ್ತದಂತೆ. ದಾರಿಯುದ್ದಕ್ಕೂ ಆ ಮೊಣಕೈಯ ಮೇಲಿಂದ ಕಣ್ಣು ಕೀಳಲಿಲ್ಲ. ಬಳೆ ತೆಗೆದ ಗುರುತು ಇನ್ನೂ ಹಾಗೇ ಇತ್ತು.

ಅತ್ತೆ ಒಂಬತ್ತನೆಯ ದಿನ ಮನೆಗೆ ಬಂದರು. ಜ್ವರ, ವಾಂತಿ, ಭೇದಿ ಇದ್ದಾಗ, ಊಟ ನೀರು ಸೇರದಿದ್ದಾಗ, ಬಿ.ಪಿ. ನೋಡಿಸಿ ಡಾಕ್ಟರರನ್ನು ಕೇಳದೆ ಆ ಗುಳಿಗೆ ಕೊಡಬೇಡಿ ಎಂದು ಬರೆದುಕೊಟ್ಟಿದ್ದಾರೆ. ಹಾಗೆಂದು ಸುಮ್ಮನಿದ್ದ ದಿನ ನಾವಾಗಿ ನಿಲ್ಲಿಸುವುದೂ ಸಲ್ಲದು, ಅದು ಬೇರೆ ಅಪಾಯ.

ಮೂರು ವಾರದ ಮೇಲೆ ಮತ್ತೆ ಶುರುಮಾಡಲು ಹೇಳಿದರು. ಅಂದು ಮುಂಜಾನೆ ಗುಳಿಗೆ ಹಿಡಿದ ನನ್ನ ಕೈ ನಡುಗಿತು. ಅತ್ತೆ ನೋಡಿದರು. "ಕೇಳಿ ಬಂದೀಯಲ್ಲ, ಕೊಡವಾ" ಎಂದು ತಾವೇ ಅಂಗೈ ಚಾಚಿದರು.