ಯೋಗ್ಯವಲ್ಲ ಅಂತ ಬರೆದಿದ್ದು ಯೋಗ ಆಗಿತ್ತು

ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇದೆ ಎಂದು ವರದಿ ಬಂತು. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ಅಲ್ಲಿ ದಾಟಿತ್ತು. ಟ್ಯಾಂಕಿನ ಪಕ್ಕ ಒಂದು ಫ್ಲೆಕ್ಸ್ ಹಾಕಬೇಕು, ನೀವೇ ಮಾಡಿಕೊಡಿ ಎಂದು ಪಂಚಾಯಿತಿಯವರು ಕೇಳಿದರು. ಸುದ್ದಿ ಕಳಿಸಿ ಬರುವ ದುಡ್ಡಲ್ಲಿ ಪೆಟ್ರೋಲೂ ಗಿಟ್ಟುವುದಿಲ್ಲ, ಇಂಥ ಕೆಲಸವನ್ನು ನಾವು ಬಿಡುವವರಲ್ಲ. ಡಿಟಿಪಿ ಅಂಗಡಿಯ ಗೆಳೆಯನ ಜೊತೆ ಕೂತು ಅರ್ಧ ಗಂಟೆಯಲ್ಲಿ ಮುಗಿಸಿದೆವು.

ಚೆನ್ನಾಗಿ ಕಾಣಲಿ ಅಂತ ದಪ್ಪನೆಯ ಫ್ಯಾನ್ಸಿ ಅಕ್ಷರ ಹಾಕಿದೆವು. ಮೇಲೆ ಅಧ್ಯಕ್ಷರು, ಸದಸ್ಯರ ಫೋಟೋ ಬರಬೇಕಲ್ಲ, ಜಾಗ ಸಾಲಲಿಲ್ಲ. ಸಾಲುಗಳ ನಡುವಿನ ಅಂತರ ಕಡಿಮೆ ಮಾಡಿ, ಕೆಳಗೊಂದು ಕೆಂಪು ಪಟ್ಟಿ ಎಳೆದೆವು.

ವಾರ ಬಿಟ್ಟು ಅದೇ ದಾರಿಯಲ್ಲಿ ಹೋದರೆ ಅಜ್ಜಿಯೊಬ್ಬರು ಅದೇ ನಲ್ಲಿಯಲ್ಲಿ ಕೊಡ ತುಂಬಿಸುತ್ತಿದ್ದರು. ‘ಬೋರ್ಡು ಓದಲಿಲ್ವಾ ಅಜ್ಜಿ?’ ಅಂದೆವು. ‘ಓದ್ದೆ ಕಣಪ್ಪ. ಅದ್ಯಾವುದೋ ಯೋಗ ಅಂತ ಬರ್ದೈತೆ, ನಮಗ್ಯಾಕದು?’ ಅಂದರು.

ತಿರುಗಿ ನೋಡಿದೆವು. ‘ಕುಡಿಯಲು ಯೋಗ್ಯವಲ್ಲ’ ಎಂಬುದರಲ್ಲಿ ಎರಡೂ ಒತ್ತು ಕೆಂಪು ಪಟ್ಟಿಯ ಕೆಳಗೆ ಸೇರಿಹೋಗಿದ್ದವು. ಉಳಿದದ್ದು ‘ಯೋಗವಲ’. ಅಜ್ಜಿ ಮೂರನೇ ಕ್ಲಾಸು ಓದಿದವರು, ಇದ್ದದ್ದನ್ನು ಇದ್ದ ಹಾಗೇ ಓದಿದ್ದರು. ನಾವು ಮಾತ್ರ ಡಿಪ್ಲೊಮಾ ಮಾಡಿದವರು!

ಕನ್ನಡದ ಸಾಲಿಗೆ ಮೂರು ಅಂತಸ್ತು. ಮೇಲೆ ಗುಡಿಸು, ನಡುವೆ ಅಕ್ಷರ, ಕೆಳಗೆ ಒತ್ತು. ಇಂಗ್ಲಿಷಿನ ಲೆಕ್ಕದಲ್ಲಿ ಸಾಲು ಒತ್ತಿದರೆ ಮೊದಲು ಸಾಯುವುದು ಕೆಳಗಿನವನೇ. ದಪ್ಪ ಅಕ್ಷರದ್ದು ಇನ್ನೊಂದು ಕಾಟ: ಒಳಗಿನ ಸಂದು ಮುಚ್ಚಿಹೋಗುತ್ತದೆ. ಧ ನೋಡಲು ದ ಆಗುತ್ತದೆ, ಷ ಹೋಗಿ ಪ ಆಗುತ್ತದೆ. ‘ವಿಷ’ ಎಂದು ಬರೆದದ್ದು ಹತ್ತಡಿ ದೂರದಿಂದ ‘ವಿಪ’. ಮದುವೆ ಕಾರ್ಡಿಗೆ ಆ ಅಕ್ಷರ ಇರಲಿ, ಪರವಾಗಿಲ್ಲ. ಮುಹೂರ್ತ ಹೇಗೂ ಫೋನಲ್ಲಿ ಕೇಳುತ್ತಾರೆ.

ಫ್ಲೆಕ್ಸ್ ಕಥೆ ಹೀಗಾದರೆ ವಾಟ್ಸಾಪ್ ಕಥೆ ಇನ್ನೊಂದು. ಅದೇ ಸೂಚನೆಯನ್ನು ಊರಿನ ಗ್ರೂಪಿಗೂ ಹಾಕಿದ್ದೆವು. ಪತ್ರಿಕೆಗೆ ಸುದ್ದಿ ಹೊಡೆಯುವ ಹಳೆಯ ನುಡಿಯಲ್ಲಿ ಟೈಪ್ ಮಾಡಿ ಹಾಗೇ ಕಾಪಿ ಮಾಡಿದ್ದು. ಆ ಫಾಂಟಿನಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿರುತ್ತಾರೆ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡ, ಇಲ್ಲದ ಮೊಬೈಲಿನಲ್ಲಿ ಬರೀ ಇಂಗ್ಲಿಷ್ ಕಸ. ಗ್ರೂಪಿನಲ್ಲಿ ಯಾರೋ ಕೈಮುಗಿಯುವ ಚಿತ್ರ ಹಾಕಿದ್ದರು, ನಾವು ಓದಿದ್ದಾರೆ ಅಂದುಕೊಂಡಿದ್ದೆವು. ಯೂನಿಕೋಡಿನಲ್ಲಿ ಕಳಿಸಿದ್ದರೆ ಎಲ್ಲರ ಫೋನಲ್ಲೂ ಕನ್ನಡವಾಗಿಯೇ ಬರುತ್ತಿತ್ತು. ನಿಮಗೂ ಅಂಥ ಮೆಸೇಜು ಬಂದಿದ್ದರೆ ಕೈಮುಗಿಯಬೇಡಿ, ಓದಕ್ಕಾಗ್ತಿಲ್ಲ ಅಂತ ಬೈದು ಬರೆಯಿರಿ.

ಹೊಸ ಫ್ಲೆಕ್ಸಿಗೆ ದುಡ್ಡಿಲ್ಲ ಅಂದರು. ಆಗ ನೆನಪಾದವರು ನಮ್ಮ ಹೋಬಳಿಯ ಹಳೇ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅವರು ಗಾಡಿಗಳ ನಂಬರ್ ಪ್ಲೇಟ್ ಬರೆದುಕೊಂಡಿದ್ದಾರೆ. ಬಂದವರು ಮೊದಲು ಬ್ರಷ್ ತೆಗೆಯಲಿಲ್ಲ, ನಲ್ಲಿಯ ಹತ್ತಿರ ಹೋಗಿ ನಿಂತು ಗೋಡೆ ನೋಡಿದರು. ಆಮೇಲೆ ಸೀಮೆಸುಣ್ಣದಲ್ಲಿ ಗೆರೆ ಹಾಕಿದರು. ಅಕ್ಷರಕ್ಕೆ ಒಂದು ಗೇಣು, ಒತ್ತಿಗೆ ನಾಲ್ಕು ಬೆರಳು, ಅದು ಬಿಟ್ಟು ಮುಂದಿನ ಸಾಲು. ‘ಫೋಟೋ ಎಲ್ಲಿಗೆ?’ ಅಂತ ಕೇಳಿದ್ದಕ್ಕೆ ಉತ್ತರವನ್ನೇ ಕೊಡಲಿಲ್ಲ. ‘ಈ ನೀರು ಕುಡಿಯಬೇಡಿ. ಕಾಯಿಸಿದರೂ ಫ್ಲೋರೈಡ್ ಹೋಗುವುದಿಲ್ಲ.’ ಬಿಳಿ ಗೋಡೆಯ ಮೇಲೆ ಕಪ್ಪು ಅಕ್ಷರ, ಅಷ್ಟೇ. ‘ಯೋಗ್ಯವಲ್ಲ’ವನ್ನು ನಾವೇ ಕೈಬಿಟ್ಟಿದ್ದೆವು, ಅದರ ಸಹವಾಸವೇ ಬೇಡ ಅಂತ.

ಸಂಜೆ ಅಜ್ಜಿ ಬಂದರು. ದೂರದಲ್ಲೇ ನಿಂತು, ಗಾಳಿಯಲ್ಲಿ ಬೆರಳು ಸರಿಸುತ್ತಾ ಪೂರ್ತಿ ಓದಿದರು. ಕೊಡ ಕೆಳಗಿಟ್ಟರು.

‘ಸರಿ ಕಣಪ್ಪ, ಇದನ್ನ ಕುಡಿಯಲ್ಲ. ಕುಡಿಯೋ ನೀರು ಎಲ್ಲೈತೆ ಅಂತ ಯಾಕೆ ಬರೀಲಿಲ್ಲ?’

ಶುದ್ಧ ನೀರಿನ ಘಟಕ ಕೆಟ್ಟು ನಿಂತು ಮೂರು ತಿಂಗಳಾಗಿತ್ತು. ಆ ಸುದ್ದಿಯನ್ನು ಅವತ್ತು ರಾತ್ರಿಯೇ ಕಳಿಸಿದೆವು, ಯೂನಿಕೋಡಿನಲ್ಲಿ.