ಎಲ್ಲರಿಗೂ ಎಲ್ಲ ಬೀಗದ ಕೈ ಬೇಕೆ?

ಮಕ್ಕಳೇ, ಪೆನ್‌ಡ್ರೈವ್ ಸಿಕ್ಕಿಸಿದ ಮಾತ್ರಕ್ಕೆ ಅದರೊಳಗಿನ ಚಿತ್ರಗಳು ಕಂಪ್ಯೂಟರಿಗೆ ಸಿಗುವುದಿಲ್ಲ. ಕಂಪ್ಯೂಟರಿನ ಕಡತಗಳು ಒಂದು ಮರವಿದ್ದಂತೆ. ಪೆನ್‌ಡ್ರೈವನ್ನು ಆ ಮರಕ್ಕೆ ಕೊಂಬೆಯಾಗಿ ಜೋಡಿಸಬೇಕು. ಇದೇ 'ಮೌಂಟ್' ಮಾಡುವುದು. ಲಿನಕ್ಸ್‌ನಲ್ಲಿ ಈ ಹಕ್ಕು ಮೂಲತಃ 'ರೂಟ್' ಎಂಬ ಯಜಮಾನನದು.

ಭದ್ರಾವತಿಯ ನ್ಯೂ ಟೌನ್‌ನ ನಮ್ಮ ಮನೆಯಲ್ಲಿ ಲಿನಕ್ಸ್ ಇರುವ ಹಳೆಯ ಕಂಪ್ಯೂಟರ್ ಇದೆ. ಅಮ್ಮನ ಸ್ತ್ರೀಶಕ್ತಿ ಸಂಘದ ಉಳಿತಾಯದ ಲೆಕ್ಕ ಅದರಲ್ಲಿದೆ. ಪಕ್ಕದ ಮನೆಯ ಮಕ್ಕಳು ಪಾಠದ ಚಿತ್ರಗಳನ್ನು ಪೆನ್‌ಡ್ರೈವ್‌ನಲ್ಲಿ ತರುತ್ತಾರೆ. ಅದನ್ನು ಜೋಡಿಸಲು ಪ್ರತಿ ಸಲವೂ ರೂಟ್‌ನ ಪಾಸ್‌ವರ್ಡ್ ಬೇಕಾಗುತ್ತಿತ್ತು. "ನಮಗೂ ಹೇಳಿಬಿಡಿ" ಎಂದರು ಮಕ್ಕಳು. ನಾನು ಹೇಳಲಿಲ್ಲ. ರೂಟ್ ಯಾವ ಕಡತವನ್ನಾದರೂ ಅಳಿಸಬಲ್ಲ. ಕೈತಪ್ಪಿ ಒಂದು ಆಜ್ಞೆ ಕೊಟ್ಟರೂ ಸಂಘದ ಲೆಕ್ಕವೆಲ್ಲ ಹೋದೀತು!

ಹಾಗಾದರೆ ದಾರಿ? ಯಾವ ಡ್ರೈವನ್ನು ಎಲ್ಲಿ ಜೋಡಿಸಬೇಕೆಂದು ಹೇಳುವ 'ಎಫ್‌ಎಸ್‌ಟ್ಯಾಬ್' ಎಂಬ ಪಟ್ಟಿ ಲಿನಕ್ಸ್‌ನಲ್ಲಿದೆ. ಅದನ್ನು ರೂಟ್ ಮಾತ್ರ ತಿದ್ದಬಲ್ಲ. ಮಕ್ಕಳ ಪೆನ್‌ಡ್ರೈವ್‌ಗೆ ಒಂದು ಸಾಲು ಬರೆದು, ಅದರಲ್ಲಿ 'ಯೂಸರ್' ಎಂಬ ಪದ ಸೇರಿಸಿದೆ. ಸಿಕ್ಕಿಸಿದ ಕ್ರಮಕ್ಕೆ ತಕ್ಕಂತೆ ಡ್ರೈವ್‌ನ ಹೆಸರು ಬದಲಾಗಬಹುದು. ಆದ್ದರಿಂದ ಹೆಸರಿನ ಬದಲು 'ಯುಯುಐಡಿ' ಎಂಬ ಗುರುತಿನ ಸಂಖ್ಯೆ ಬರೆದೆ. ಈಗ ಪಾಸ್‌ವರ್ಡ್ ಇಲ್ಲದೆ ಮಕ್ಕಳೇ ಜೋಡಿಸುತ್ತಾರೆ. ಜೋಡಿಸಿದವರೇ ಬಿಡಿಸಬೇಕು. 'ಯೂಸರ್ಸ್' ಎಂದು ಬರೆದರೆ ಯಾರು ಬೇಕಾದರೂ ಬಿಡಿಸಬಹುದು.

ಈ ಪದದೊಂದಿಗೆ ಕಾವಲೂ ಬರುತ್ತದೆ. ನಮ್ಮೂರಿನ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಅಂಥ ಕಾರ್ಖಾನೆಗಳಲ್ಲಿ ಗೇಟ್‌ಪಾಸ್ ಇದ್ದವರು ಒಳಗೆ ಹೋಗಬಹುದು. ಕುಲುಮೆಯ ಗುಂಡಿ ಒತ್ತುವಂತಿಲ್ಲ. ಇಲ್ಲಿಯೂ ಹಾಗೆಯೇ. ಯಾರಾದರೂ ತಮ್ಮ ಮನೆಯಲ್ಲಿ ಒಂದು ಪ್ರೋಗ್ರಾಮ್ ಮಾಡಿ, ಅದಕ್ಕೆ 'ರೂಟ್‌ನ ಅಧಿಕಾರ ಉಂಟು' ಎಂಬ ಗುರುತು ಹಾಕಿ ತಂದರೆ? 'ಯೂಸರ್' ಎಂದು ಬರೆದಾಗ ಲಿನಕ್ಸ್ ಆ ಗುರುತನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಡ್ರೈವ್‌ನಲ್ಲಿರುವ ಪ್ರೋಗ್ರಾಮ್ ನೇರವಾಗಿ ಓಡದಂತೆಯೂ ತಡೆಯುತ್ತದೆ. ಚಿತ್ರ, ಪಾಠಗಳನ್ನು ಓದಲು ಅಡ್ಡಿಯಿಲ್ಲ.

ಇಂದಿನ ಬಹುತೇಕ ಲಿನಕ್ಸ್ ಕಂಪ್ಯೂಟರುಗಳಲ್ಲಿ ಪಟ್ಟಿ ತಿದ್ದುವ ಕೆಲಸವೂ ಇಲ್ಲ. 'ಯುಡಿಸ್ಕ್ಸ್' ಡ್ರೈವನ್ನು ಜೋಡಿಸುತ್ತದೆ. ಯಾರಿಗೆ ಎಷ್ಟು ಅನುಮತಿ ಎಂಬುದನ್ನು 'ಪೋಲ್‌ಕಿಟ್' ತೀರ್ಮಾನಿಸುತ್ತದೆ. ಕಂಪ್ಯೂಟರಿನ ಮುಂದೆ ಕುಳಿತವರು ಪೆನ್‌ಡ್ರೈವ್ ತೆರೆಯಬಹುದು. ಒಳಗಿನ ಡಿಸ್ಕ್ ಜೋಡಿಸಲು ಹೊರಟರೆ ಪಾಸ್‌ವರ್ಡ್ ಕೇಳುತ್ತದೆ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟೇ ಅಧಿಕಾರ!

ಮಾಡಿ ನೋಡಿ: ಶಾಲೆಯಲ್ಲಿ ಲಿನಕ್ಸ್ ಇದ್ದರೆ ಟರ್ಮಿನಲ್ ತೆರೆದು 'ಮೌಂಟ್' ಎಂಬ ಆಜ್ಞೆಯನ್ನಷ್ಟೇ ಕೊಡಿ. ಜೋಡಿಸಿರುವ ಕೊಂಬೆಗಳ ಪಟ್ಟಿ ಕಾಣುತ್ತದೆ. ಪೆನ್‌ಡ್ರೈವ್ ಕೀಳುವ ಮೊದಲು ಬಿಡಿಸುವುದನ್ನು ಮರೆಯಬೇಡಿ. ನೀವು ಉಳಿಸಿದ ಬರಹ ಇನ್ನೂ ಕಂಪ್ಯೂಟರಿನ ನೆನಪಿನಲ್ಲೇ ಉಳಿದಿದ್ದೀತು.